ಅರವತ್ತು ತೂಕದ ಇಲಿಗಳು

"ಅದು ಸತ್ತು ಎರಡು ಸುತ್ತಾಗಿತ್ತು ಭಾವ! ಎರಡು ಸುತ್ತು ಹೆಣದ ಜೊತೆ ಗುದ್ದಾಡಿಸಿದ್ರಿ ನನ್ನನ್ನ!"

"ಸತ್ತಿರಲಿಲ್ಲ. ಬಾಯಿ ಮುಚ್ಕೊಂಡು ಕೂತ್ಕೋ."

"ನಾನು ಇಪ್ಪತ್ತೆರಡರ ಏಟು ಕೊಟ್ಟೆ, ಆ ದೈತ್ಯ ಮೈ ಕೆರ್ಕೊಂಡು ನಿಂತಿದ್ದ. ಅಕ್ಕ ಮೂರರ ಬಾಣ ಬಿಟ್ಟಳು, ದೊಪ್ಪಂತ ಬಿದ್ದ. ನನ್ನ ಕೊಡಲಿ ಏನು ಬೆನ್ನು ಉಜ್ಜೋಕೆ ಇಟ್ಕೊಂಡಿದೀನಾ?"

ನಾನು ಎದ್ದು ನಿಂತಿದ್ದೆ. ನಾನು ಸಿಟ್ಟಿನಲ್ಲಿ ಎದ್ದರೆ ಕುರ್ಚಿ ಹಿಂದಕ್ಕೆ ಬೀಳುತ್ತದೆ, ಅವತ್ತೂ ಬಿತ್ತು. ಟೈಲರ್ ಏನೂ ಆಗಿಲ್ಲವೆಂಬಂತೆ ಅದನ್ನು ಎತ್ತಿ ನಿಲ್ಲಿಸಿದ. ಅಕ್ಕ ಮಾತ್ರ ತನ್ನ ಗೆಲುವಿನ ಖುಷಿಯಲ್ಲಿ ನಮ್ಮಿಬ್ಬರ ಕಡೆ ನೋಡಲೂ ಇಲ್ಲ.

ಭಾನುವಾರ ಮಧ್ಯಾಹ್ನ ನಾವು ನಾಲ್ವರು ಟೈಲರ್ ಅಂಗಡಿಯ ಮಹಡಿಯಲ್ಲಿ ಸೇರುತ್ತೇವೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ನಮ್ಮ ರಣರಂಗ. ಭಾವ ಸೂತ್ರಧಾರ. ಅಂದರೆ ಕಥೆ ಹೇಳುವವನು, ಗುಹೆ ಕಟ್ಟುವವನು, ಗುಹೆಯೊಳಗಿನ ರಾಕ್ಷಸರ ಪರವಾಗಿ ದಾಳ ಹಾಕುವವನು. ಉಳಿದ ಮೂವರು ಆ ಕಥೆಯೊಳಗಿನ ಜನ. ನಾನು ಕೊಡಲಿಯವನು, ಟೈಲರ್ ಮಾಂತ್ರಿಕ, ಅಕ್ಕ ಬಿಲ್ಲುಗಾತಿ. ಮೇಜಿನ ಮೇಲೆ ನಾವು ಮೂರು ನೂಲಿನ ರೀಲುಗಳು. ರಾಕ್ಷಸ ದೊಡ್ಡವನಾದರೆ ಇಸ್ತ್ರಿ ಪೆಟ್ಟಿಗೆ ಬಂದು ನಿಲ್ಲುತ್ತದೆ. ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪ್ರತಿಯೊಬ್ಬರಿಗೂ ಇಷ್ಟು ರಕ್ತ ಎಂದು ಲೆಕ್ಕವಿದೆ. ಏಟು ಬಿದ್ದಷ್ಟು ರಕ್ತ ಕಳೆಯಬೇಕು, ಸೊನ್ನೆಗೆ ಬಂದವನು ಸತ್ತ. ರಾಕ್ಷಸನಿಗೂ ಇದೇ ಲೆಕ್ಕ. ಆದರೆ ಅವನ ರಕ್ತ ಎಷ್ಟೆಂಬುದು ಸೂತ್ರಧಾರನಿಗೆ ಮಾತ್ರ ಗೊತ್ತು. ಅದಕ್ಕೇ ಭಾವ ಷರ್ಟಿನ ಡಬ್ಬದ ರಟ್ಟನ್ನು ಮಡಚಿ ಎದುರಿಗೆ ಗೋಡೆಯಂತೆ ನಿಲ್ಲಿಸಿಕೊಂಡು ಅದರ ಹಿಂದೆ ಕೂರುತ್ತಾನೆ.

ನಾನು ಕೈ ಚಾಚಿ ಆ ರಟ್ಟನ್ನು ಕಿತ್ತುಬಿಟ್ಟೆ.

ಹಿಂದೆ ಒಂದು ದಾಳವಿತ್ತು. ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣವಿತ್ತು. ಬೇರೇನೂ ಇರಲಿಲ್ಲ. ಒಂದು ಚೂರು ಕಾಗದವಿಲ್ಲ, ಪೆನ್ಸಿಲಿಲ್ಲ, ದೈತ್ಯನ ರಕ್ತದ ಲೆಕ್ಕವೆಂದು ಬೆರಳಲ್ಲಿ ಗೀಚಿದ್ದೂ ಇಲ್ಲ.

"ಎಲ್ಲಿ ಲೆಕ್ಕ?" ಎಂದೆ.

"ತಲೇಲಿದೆ."

"ತಲೇಲಿ ಎಷ್ಟಿತ್ತು?"

ಭಾವ ಬಿಸ್ಕತ್ತು ನೋಡಿದ. "ಅದು ಸಾಯೋ ಹೊತ್ತಿಗೆ ಸಾಯ್ತದೆ ಕಣೋ."

"ಸಾಯೋ ಹೊತ್ತು ಅಂತ ಯಾರು ಹೇಳೋದು?"

"ನಾನು ಹೇಳೋದು. ಸೂತ್ರಧಾರ ಅಂತ ಇನ್ಯಾತಕ್ಕೆ ಕೂತಿದೀನಿ?"

"ಹಾಗಾದ್ರೆ ಆ ಹೊತ್ತು ಯಾವಾಗ್ಲೂ ಅಕ್ಕನ ಸರದೀಲೇ ಯಾಕೆ ಬರತ್ತೆ? ಮೂರು ತಲೆ ಹಾವು ಯಾರು ಹೊಡೆದಿದ್ದು? ಅಕ್ಕ. ಬೆಂಕಿ ಉಗುಳೋ ಹಲ್ಲಿ? ಅಕ್ಕ. ಕೆರೆ ಭೂತ? ಅಕ್ಕ. ನಾನೂ ಟೈಲರೂ ಇಷ್ಟು ದಿನ ಏನು, ಇವಳಿಗೆ ಬತ್ತಳಿಕೆ ಹಿಡ್ಕೊಂಡಿದ್ವಾ?"

ಆಡಿಬಿಟ್ಟೆ. ಆಡಿದ ಮೇಲೆ ಅಕ್ಕನ ಮುಖ ನೋಡಿದೆ. ಅವಳ ನಗು ಅಲ್ಲೇ ನಿಂತಿತ್ತು, ಆದರೆ ಕಣ್ಣು ಬೇರೆಯಾಗಿತ್ತು.

ಅಕ್ಕ ಡ್ರೈವಿಂಗ್ ಕಲಿಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ, ಅವಳ ಕಾಲಡಿಗೂ ಒಂದು ಬ್ರೇಕು. ಮೂರು ತಲೆ ಹಾವಿನ ನಡುವಿನ ಕಣ್ಣಿಗೆ ಬಾಣ ನೆಟ್ಟ ಕಥೆಯನ್ನು ಅವಳ ಕಾರಿನಲ್ಲಿ ಕೇಳದೆ ಲೈಸೆನ್ಸ್ ಪಡೆದವರು ನಮ್ಮ ಊರಿನಲ್ಲಿಲ್ಲ. ಕ್ಲಚ್ ಬಿಡಲು ಹೆದರುವವರಿಗೆ ಅವಳು ಹೇಳುವ ಧೈರ್ಯದ ಮಾತೇ ಅದು: ನಾನು ಆ ಹಾವಿನ ಮುಂದೆ ನಿಂತಿರಲಿಲ್ವಾ, ನೀನು ಈ ಹಂಪು ದಾಟೋಕಾಗಲ್ವಾ?

"ರೀ," ಎಂದಳು ಅಕ್ಕ, ಮೆಲ್ಲಗೆ. "ಹಾವು ನಾನು ಕೊಂದೆನಾ, ನೀವು ಕೊಂದ್ರಾ?"

"ನೀನೇ ಕೊಂದೆ. ದಾಳ ಬಿತ್ತಲ್ಲ..."

"ಅದರ ರಕ್ತ ಎಷ್ಟಿತ್ತು?"

ಭಾವ ಟೈಲರ್ ಕಡೆ ನೋಡಿದ. ಟೈಲರ್ ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡು ಗೋಡೆ ನೋಡಿದ.

"ನಿನಗೂ ಗೊತ್ತಿತ್ತೇನೋ?" ಎಂದೆ ಟೈಲರ್‌ಗೆ.

ಸೂಜಿ ತೆಗೆದು ಹೇಳಿದ, "ಗೊತ್ತಿತ್ತಣ್ಣ."

"ಮತ್ತೆ ಬೊಗಳೋಕೇನಾಗಿತ್ತು?"

"ಈ ಆಟ ನಿಂತ್ರೆ ಭಾನುವಾರ ನಾನು ಅತ್ತೆ ಮನೆಗೆ ಹೋಗ್ಬೇಕಾಗತ್ತೆ." ಮತ್ತೆ ಸೂಜಿ ಬಾಯಿಗೆ ಇಟ್ಟುಕೊಂಡ.

ಭಾವ ಬಾಯಿ ಬಿಟ್ಟ. "ಮೊದಲನೇ ದಿನ ನಿನ್ನ ತೋಳ ತಿಂತಲ್ಲೇ, ಆವತ್ತು ದಾರಿಯುದ್ದಕ್ಕೂ ನೀನು ಒಂದು ಮಾತಾಡಲಿಲ್ಲ. ಮುಖ ಊದಿಸ್ಕೊಂಡು ಬಂದೆ. ನಾನು ಅಂದ್ಕೊಂಡೆ, ಇನ್ನು ಇವಳನ್ನ ಸಾಯಿಸಬಾರದು ಅಂತ."

"ನಾನು ಆ ತೋಳ ಹಿಂದಿನಿಂದ ಹೇಗೆ ಬಂತು ಅಂತ ಯೋಚಿಸ್ತಿದ್ದೆ ರೀ! ಮರ ಹತ್ತಬೇಕಿತ್ತು ಅಂತ ಯೋಚಿಸ್ತಿದ್ದೆ! ಅಳು ಅಂದ್ಕೊಂಡ್ರಾ ಅದನ್ನ?" ಅಕ್ಕನ ದನಿ ಏರಿತು. "ಇಷ್ಟು ದಿನ ನನ್ನ ಪಕ್ಕ ಕೂತು ಬ್ರೇಕ್ ಒತ್ತಿದೀರಿ. ನಾನು ಕಾರು ಓಡಿಸ್ತಿದೀನಿ ಅಂತ ಊರೆಲ್ಲ ಹೇಳ್ಕೊಂಡು ಬಂದೆ!"

ಅಕ್ಕ ಬ್ಯಾಗು ಹೆಗಲಿಗೇರಿಸಿದಳು.

"ಬರೋ ಭಾನುವಾರ ಆ ರಟ್ಟು ಈ ಮೇಜಿನ ಮೇಲೆ ಇರಬಾರದು. ರಾಕ್ಷಸನ ರಕ್ತ ಮೊದಲೇ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೀಬೇಕು. ನಿಮ್ಮ ದಾಳ ನಮ್ಮ ಕಣ್ಣೆದುರಿಗೆ ಬೀಳಬೇಕು. ನಾನು ಒಂದಾದ್ರೂ ನಿಜವಾಗಿ ಕೊಲ್ತೀನಿ, ಇಲ್ಲ ನಿಜವಾಗಿ ಸಾಯ್ತೀನಿ. ಎರಡೂ ಆಗದಿದ್ರೆ ನನಗೆ ಈ ಆಟ ಬೇಡ."

ಬುಧವಾರ ಭಾವ ನನ್ನ ವೆಲ್ಡಿಂಗ್ ಶೆಡ್ಡಿಗೆ ಬಂದ. ನಾನು ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದೆ. ಕೆಲಸ ಮುಗಿದಿತ್ತು, ಆದರೂ ಅವನು ಕಾಯಲಿ ಎಂದು ಮುಖಕ್ಕೆ ಕವಚ ಇಳಿಸಿಕೊಂಡು ಇನ್ನೆರಡು ಕಡೆ ಸುಮ್ಮನೆ ಕಿಡಿ ಹಾರಿಸಿದೆ. ಭಾವ ಕಣ್ಣಿಗೆ ಕೈ ಅಡ್ಡ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಮನೇಲಿ ಹೇಗಿದೆ?" ಎಂದೆ, ಕವಚ ಎತ್ತಿ.

"ಮಾತಾಡ್ತಾಳೆ. ಉಪ್ಪು ಕೊಡಿ, ಫ್ಯಾನ್ ಆರಿಸಿ, ಅಷ್ಟೇ." ಒಂದು ಕಬ್ಬಿಣದ ತುಂಡಿನ ಮೇಲೆ ಕೂತ. "ನೋಡೋ, ನಾನು ಲೆಕ್ಕ ಹಾಕಿದೀನಿ. ಈ ಸಲ ಸರಿಯಾದ ಲೆಕ್ಕ."

ಭಾವನ ಕೆಲಸ ವೇಬ್ರಿಡ್ಜ್‌ನಲ್ಲಿ. ಲಾರಿ ಬಂದು ಹಾಸಿನ ಮೇಲೆ ನಿಲ್ಲುತ್ತದೆ, ಕಿಟಕಿಯೊಳಗೆ ಕೂತ ಭಾವ ತೂಕ ಹೇಳುತ್ತಾನೆ. ಲೋಕದಲ್ಲಿ ಇರುವುದೆಲ್ಲ ಅವನಿಗೆ ತೂಕವೇ. ಈ ಮನೆ ಭಾರ, ಆ ಮಾತು ಹಗುರ, ಈ ಮನುಷ್ಯ ಖಾಲಿ ಲಾರಿ.

"ನಿನಗೆ ಮೂವತ್ತು ರಕ್ತ," ಎಂದ. "ಟೈಲರ್‌ಗೆ ಹದಿನಾಲ್ಕು. ನಿಮ್ಮಕ್ಕಂಗೆ ಹದಿನಾರು. ಕೂಡಿದ್ರೆ ಅರವತ್ತು. ಈ ಕಡೆ ತಟ್ಟೇಲಿ ಅರವತ್ತು, ಆ ಕಡೆ ಹೊಸ ದೈತ್ಯನಿಗೂ ಅರವತ್ತು. ಮುಳ್ಳು ನಡುವೆ ನಿಂತಿತಲ್ಲ? ಒಂದು ಕೂದಲೆಳೆ ಅತ್ತ ಇತ್ತ ಇಲ್ಲ."

"ಸರಿ. ಮತ್ತೆ ನನ್ನ ಹತ್ರ ಯಾಕೆ ಬಂದ್ರಿ?"

ಭಾವ ಚಪ್ಪಲಿಯಿಂದ ನೆಲದ ಮೇಲಿನ ಕಬ್ಬಿಣದ ಪುಡಿ ಸರಿಸಿದ. "ಆ ದೈತ್ಯನ ಗದೆ ಬಿದ್ರೆ ಹದಿನೆಂಟು ಹೋಗತ್ತೆ ಕಣೋ. ಅವಳಿಗಿರೋದು ಹದಿನಾರು. ಒಂದೇ ಏಟು. ನೀನು ಅಡ್ಡ ನಿಂತ್ಕೋ. ಗುಹೆ ಬಾಗಿಲು ಸಣ್ಣದು ಮಾಡ್ತೀನಿ. ನೀನು ಬಾಗಿಲಲ್ಲಿ ನಿಂತ್ರೆ ಅವಳ ಹತ್ರ ಅವನು ಬರಲ್ಲ."

"ಭಾವ, ನಿಮಗೆ ನಾಚ್ಕೆ ಅನ್ನೋದು..."

"ನಿಮ್ಮಕ್ಕ ಕಣೋ ಅವಳು!"

"ನಿಮ್ಮ ಹೆಂಡ್ತಿನೂ ಹೌದು. ಹೋಗಿ ಅವಳಿಗೇ ಹೇಳಿ, ಬಾಗಿಲಲ್ಲಿ ಭಾಮೈದನ್ನ ನಿಲ್ಲಿಸ್ತೀನಿ ಅಂತ. ಉಪ್ಪು ಕೇಳೋದನ್ನೂ ನಿಲ್ಲಿಸ್ತಾಳೆ."

ಅವನು ಎದ್ದು ಹೋಗಲಿಲ್ಲ, ಬೈಯಲೂ ಇಲ್ಲ. ತೂಕದ ಹಾಸಿನ ಮೇಲೆ ಸಿಕ್ಕಿಕೊಂಡ ಲಾರಿಯಂತೆ ಕೂತೇ ಇದ್ದ. ಕೊನೆಗೆ ನನಗೇ ಬೇಜಾರಾಯಿತು. "ಆಯ್ತು, ನಿಲ್ತೀನಿ, ಏಳಿ," ಎಂದೆ. ಆದರೆ ಅಡ್ಡ ನಿಂತವನು ಕೈ ಕಟ್ಟಿಕೊಂಡು ನಿಲ್ಲಬೇಕೆಂದು ಭಾವ ಹೇಳಿರಲಿಲ್ಲ, ನಾನೂ ಮಾತು ಕೊಡಲಿಲ್ಲ.

ಭಾನುವಾರ ಟೈಲರ್ ಮೇಜನ್ನು ಒರೆಸಿಟ್ಟಿದ್ದ. ರಟ್ಟು ಇರಲಿಲ್ಲ. ರಟ್ಟಿಲ್ಲದ ಭಾವ ಬನಿಯನ್ನಿನಲ್ಲಿ ಬೀದಿಗೆ ಬಂದವನಂತೆ ಕಾಣುತ್ತಿದ್ದ. ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಬಿಲ್ಲೆಯನ್ನು ಅವನ ಕೈಗೆ ಕೊಟ್ಟಳು. ಅವನು ಇಸ್ತ್ರಿ ಪೆಟ್ಟಿಗೆಯ ಪಕ್ಕ ಅರವತ್ತು ಎಂದು ಬರೆದ.

"ಒಳಗೆ ಒಂದೇ ದಾರಿ. ಸುತ್ತ ಗೋಡೆ, ಕಿಟಕಿ ಗಿಟಕಿ ಏನಿಲ್ಲ," ಎಂದು ಕಥೆ ಶುರು ಮಾಡಿದ. "ಕತ್ತಲಲ್ಲಿ ಎರಡು ಕಣ್ಣು. ನೆಲ ನಡುಗ್ತಿದೆ..."

ಯಾರು ಮೊದಲು ಎಂದು ದಾಳ ಹಾಕಿದೆವು. ಮೊದಲು ಟೈಲರ್, ಆಮೇಲೆ ನಾನು, ಆಮೇಲೆ ದೈತ್ಯ, ಕೊನೆಗೆ ಅಕ್ಕ.

ಟೈಲರ್ ದಿನಕ್ಕೊಮ್ಮೆ ಮಾತ್ರ ಹಾಕಬಹುದಾದ ಬೆಂಕಿ ಮಂತ್ರವನ್ನು ಹಾಕಿದ. ದಾಳ ಉರುಳಿತು. ಇಪ್ಪತ್ತೆಂಟು ರಕ್ತ ಹೋಯಿತು. ಭಾವ ಅಳಿಸಿ ಮೂವತ್ತೆರಡು ಎಂದು ಬರೆದ. ನಾನು ಕೊಟ್ಟ ಮಾತಿನಂತೆ ಬಾಗಿಲಲ್ಲಿ ನಿಂತು ಕೊಡಲಿ ಬೀಸಿದೆ. ದಾಳದ ಮೇಲೆ ಇಪ್ಪತ್ತು. ಇಪ್ಪತ್ತು ಬಿದ್ದರೆ ಏಟು ಎರಡರಷ್ಟು. ಹದಿನಾರರ ಏಟು, ಎರಡರಷ್ಟು, ಮೂವತ್ತೆರಡು.

ಭಾವ ಸುಣ್ಣ ಹಿಡಿದುಕೊಂಡು ಸುಮ್ಮನೆ ಕೂತ.

"ಅಳಿಸಿ ಯಜಮಾನ್ರೆ," ಎಂದ ಟೈಲರ್.

"ಇನ್ನೂ ಗದೆ ಎತ್ತಿಲ್ಲವಲ್ಲೋ ಅವನು!"

"ಎತ್ತೋಕೆ ಕೈ ಎಲ್ಲಿದೆ?" ಎಂದೆ. "ಸೊನ್ನೆ ಬರೀರಿ."

ನೆಲ ನಡುಗಿಸುತ್ತಾ ಬಂದ ದೈತ್ಯ ಸೀನುವಷ್ಟು ಹೊತ್ತೂ ಬಾಳಲಿಲ್ಲ. ಇಷ್ಟು ದಿನ ಅವನ ರಾಕ್ಷಸರು ಅಷ್ಟೊಂದು ಹೊತ್ತು ಕಾದಾಡಿದ್ದು ರಟ್ಟಿನ ಹಿಂದಿನಿಂದ ಭಾವ ಸುರಿದ ರಕ್ತದಿಂದ. ಅದು ಅವನಿಗೂ ಅವತ್ತೇ ತಿಳಿದಂತಿತ್ತು. ಅರವತ್ತಕ್ಕೆ ಅರವತ್ತು ಸರಿ. ಆದರೆ ನಾವು ಮೂರು ಜನ ಮೂರು ಏಟು ಹಾಕುವಾಗ ಅವನದ್ದು ಒಂದೇ ಗದೆ. ಅದು ತಟ್ಟೆಯಲ್ಲಿ ಕಾಣುವ ತೂಕವಲ್ಲ.

ಅಕ್ಕ ದಾಳವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಅವಳ ಸರದಿ ಬಂದೇ ಇರಲಿಲ್ಲ.

"ಬಾಗಿಲಿಗೆ ಯಾಕೋ ಅಡ್ಡ ನಿಂತೆ ನೀನು?" ಎಂದು ನನ್ನ ಮೇಲೆ ತಿರುಗಿದಳು. "ಯಾವತ್ತೂ ಒಳಗೆ ನುಗ್ಗೋನು ಇವತ್ತು ಕಾವಲುಗಾರನ ಥರ ನಿಂತಿದೀಯಾ."

ನಾನು ಭಾವನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ಸಾಕಾಯಿತು.

"ಓಹೋ," ಎಂದಳು ಅಕ್ಕ. "ಇಬ್ಬರೂ ಸೇರ್ಕೊಂಡು. ರೀ, ಇನ್ನೊಂದು ರಾಕ್ಷಸ ತನ್ನಿ. ಈಗ್ಲೇ. ಲೇ, ನೀನು ಆ ಬಾಗಿಲು ಬಿಟ್ಟು ಈಚೆ ಬಾ."

"ಇನ್ನೊಂದು ಎಲ್ಲಿಂದ ತರಲಿ? ಇವತ್ತಿಗೆ ಒಂದೇ ತಯಾರಿ ಮಾಡಿದ್ದು."

"ಅದೇ ತೂಕದ್ದು ತನ್ನಿ. ನಿಮ್ಮ ಅರವತ್ತರ ತಟ್ಟೆ ಖಾಲಿ ಇದೆಯಲ್ಲ ಆ ಕಡೆ."

ಭಾವ ಸುತ್ತ ನೋಡಿದ. ಮೇಜಿನ ತುದಿಯಲ್ಲಿ ಟೈಲರನ ಗುಂಡಿಗಳ ಡಬ್ಬವಿತ್ತು. ಅದನ್ನು ನೋಡಿದ ಕೂಡಲೇ ಅವನ ಮುಖ ಅರಳಿತು. ಆ ಅರಳಿದ ಮುಖ ನನಗೆ ಗೊತ್ತು. ಹೆಂಡತಿಗೆ ಏನೋ ಹಗುರವಾದದ್ದು ಸಿಕ್ಕಿತು ಎಂಬ ಖುಷಿ ಅದು.

"ಇಲಿ!" ಎಂದ. ಡಬ್ಬದಿಂದ ಹನ್ನೆರಡು ಕರಿ ಗುಂಡಿ ಎಣಿಸಿ ತೆಗೆದ. "ದೈತ್ಯ ಬಿದ್ದ ಸದ್ದಿಗೆ ಬಿಲದಿಂದ ಇಲಿಗಳು ಬಂದ್ವು. ಒಂದೊಂದಕ್ಕೆ ಐದೇ ಐದು ರಕ್ತ. ಹನ್ನೆರಡು ಐದಲಿ ಅರವತ್ತು. ಒಂದೇ ತೂಕ, ಮೋಸ ಇಲ್ಲ. ನೀನು ಎಲ್ಲಿಗೆ ಬಾಣ ಬಿಟ್ಟರೂ ಒಂದು ಇಲಿ, ತಗೋ!"

"ಇಲಿ ಕಚ್ಚಿದ್ರೆ?" ಎಂದು ಕೇಳಿದ ಟೈಲರ್.

"ಎರಡು ಹೋಗತ್ತೆ. ಇಲಿ ಅಲ್ವೇನೋ, ಇನ್ನೆಷ್ಟು ಕಚ್ಚತ್ತೆ!"

ಟೈಲರ್ ಒಂದು ಕ್ಷಣ ಹನ್ನೆರಡು ಗುಂಡಿಗಳನ್ನೂ ಭಾವನನ್ನೂ ನೋಡಿದ. ಆಮೇಲೆ ತನ್ನ ರೀಲನ್ನು ಮೆಲ್ಲಗೆ ಗೋಡೆಗೆ ಒತ್ತಿ ಇಟ್ಟ. ಆಗ ನನಗೂ ಹೊಳೆಯಿತು. ಇಬ್ಬರೂ ಬಾಯಿ ಬಿಡಲಿಲ್ಲ.

ಮೊದಲ ಸುತ್ತು. ಇಲಿಗಳು ಆಮೇಲೆ ಬಂದವು, ಹಾಗಾಗಿ ಅವುಗಳ ಸರದಿ ಕೊನೆಗೆ. ಟೈಲರ್ ಕೋಲು ಬೀಸಿದ, ತಾಗಲಿಲ್ಲ. ಮಂತ್ರ ಆಗಲೇ ದೈತ್ಯನ ಮೇಲೆ ಖರ್ಚಾಗಿಹೋಗಿತ್ತು. ನಾನು ಒಂದು ಇಲಿಗೆ ಹದಿನಾಲ್ಕರ ಏಟು ಕೊಟ್ಟೆ. ಅದಕ್ಕಿದ್ದದ್ದು ಐದು, ಉಳಿದ ಒಂಬತ್ತು ನೆಲಕ್ಕೆ ಹೋಯಿತು. ಅಕ್ಕನ ಬಾಣ ಗುರಿ ತಪ್ಪಿತು. ಇನ್ನು ಇಲಿಗಳ ಸರದಿ.

"ಹಾಕ್ರಿ," ಎಂದಳು ಅಕ್ಕ.

ಭಾವ ಹಾಕಿದ. ಮತ್ತೆ ಹಾಕಿದ. ಮತ್ತೆ. ಒಂದೊಂದು ಇಲಿಗೂ ಒಂದೊಂದು ಸಲ. ದೈತ್ಯನಿದ್ದಿದ್ದರೆ ಒಂದು ಸಲ ಹಾಕಿ ಬಿಸ್ಕತ್ತು ತಿನ್ನುತ್ತಿದ್ದ. ಈಗ ಅವನ ಕೈ ನಿಲ್ಲುತ್ತಲೇ ಇರಲಿಲ್ಲ. ನನ್ನನ್ನು ಎರಡು ಕಚ್ಚಿದವು, ಟೈಲರನ್ನು ಎರಡು, ಅಕ್ಕನನ್ನು ಮೂರು. ಅಕ್ಕ ತಾನೇ ಸುಣ್ಣ ತೆಗೆದುಕೊಂಡು ಹದಿನಾರು ಅಳಿಸಿ ಹತ್ತು ಎಂದು ಬರೆದಳು.

"ಇದೇನಿದು?" ಎಂದ ಭಾವ. ಹಣೆಯ ಮೇಲೆ ಬೆವರಿತ್ತು. "ಇಲಿ ಅಲ್ವಾ?"

"ನಿಮ್ಮದೇ ತೂಕ ಯಜಮಾನ್ರೆ," ಎಂದ ಟೈಲರ್.

"ತೂಕ ಸರಿ ಇದೆಯಲ್ಲೋ!"

"ತೂಕ ಸರಿ ಇದೆ ಭಾವ," ಎಂದೆ. "ಬಾಯಿ ಎಣಿಸೋದು ಮರೆತ್ರಿ."

ಎರಡನೇ ಸುತ್ತಿನಲ್ಲಿ ಟೈಲರ್ ಮತ್ತೆ ಗಾಳಿಗೆ ಕೋಲು ಬೀಸಿದ, ನಾನು ಇನ್ನೊಂದು ಇಲಿ ಹೊಡೆದೆ. ಅಕ್ಕ ದಾಳವನ್ನು ಎರಡೂ ಅಂಗೈ ನಡುವೆ ಹಿಡಿದು ಅಲುಗಾಡಿಸಿ ಬಿಟ್ಟಳು. ಅದು ಕತ್ತರಿಯ ಹಿಡಿ ದಾಟಿ, ಟೇಪಿನ ಸುರುಳಿಗೆ ತಾಗಿ, ನಿಂತಿತು. ಹದಿನೇಳು. ತಾಗಿತು. ಏಟು ಆರು. ಇಲಿಗಿದ್ದದ್ದು ಐದು.

"ಸತ್ತಿತಾ?" ಎಂದಳು.

"ಸತ್ತಿತು," ಎಂದ ಭಾವ.

"ನೀವು ಸಾಯಿಸಿದ್ದಲ್ಲ ತಾನೇ?"

"ಅಲ್ಲ ಮಾರಾಯ್ತಿ. ಎಲ್ಲ ಎದುರಿಗೇ ಇದೆಯಲ್ಲ."

ಅಕ್ಕ ಆ ಕರಿ ಗುಂಡಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಹಾವು ಸತ್ತಾಗ ಕುಣಿದವಳು, ಬೆಂಕಿ ಹಲ್ಲಿ ಬಿದ್ದಾಗ ಇಡೀ ಬೀದಿಗೆ ಕೇಳುವಂತೆ ಕೂಗಿದವಳು, ಈಗ ಒಂದು ಷರ್ಟಿನ ಗುಂಡಿ ಹಿಡಿದುಕೊಂಡು ಮಾತಿಲ್ಲದೆ ಕೂತಿದ್ದಳು. ಕಿವಿ ಕೆಂಪಾಗಿತ್ತು. ಆಮೇಲೆ ಅದನ್ನು ಟೈಲರ್ ಕಡೆ ತಳ್ಳಿ, "ಮುಂದೆ," ಎಂದಳು.

ಇಲಿಗಳು ಕಚ್ಚಿದವು. ಅಕ್ಕನಿಗೆ ಉಳಿದದ್ದು ನಾಲ್ಕು.

ಭಾವ ದಾಳ ಕೆಳಗಿಟ್ಟ. ಗಂಟಲು ಸರಿ ಮಾಡಿಕೊಂಡ. "ಆವಾಗ... ಆ ಗುಹೆಯ ಮೂಲೇಲಿ, ಮೇಲೆ, ಒಂದು ಸಣ್ಣ ಕಿಟಕಿಯಿಂದ ಬೆಳಕು..."

"ಯಾವ ಕಿಟಕಿ?"

"ಇದೆ ಒಂದು. ಈಗ ಕಂಡಿತು. ಬಿಲ್ಲುಗಾತಿ ಬೇಕಾದ್ರೆ ಹತ್ತಿ ಹೋಗಬಹುದು."

"ಸುತ್ತ ಗೋಡೆ, ಕಿಟಕಿ ಗಿಟಕಿ ಏನಿಲ್ಲ ಅಂತ ಯಾರ ಬಾಯಿಂದ ಬಂತು?"

"ಬಾಗಿಲು ಹೇಗೂ ಇದೆ," ಎಂದ ಭಾವ. "ಓಡಿ ಹೋಗು."

"ಇವನನ್ನ ಬಿಟ್ಟಾ?" ಅಕ್ಕ ನನ್ನ ರೀಲನ್ನು ತೋರಿಸಿದಳು. ಐದು ಗುಂಡಿಗಳು ಅದನ್ನು ಮುತ್ತಿದ್ದವು. "ಕತ್ತೆ ಆದ್ರೂ ನನ್ನ ತಮ್ಮ. ನಾನು ಓಡಲ್ಲ."

ಮೂರನೇ ಸುತ್ತಿನಲ್ಲಿ ನಾನೂ ಟೈಲರೂ ಬೀಸಿದ್ದು ಗಾಳಿಗೆ ಹೋಯಿತು. ಅಕ್ಕ ಬಾಣ ಬಿಟ್ಟಳು, ತಪ್ಪಿತು. ಭಾವ ಇಲಿಗಳಿಗಾಗಿ ದಾಳ ಹಾಕಿದ. ಒಂದು ತಪ್ಪಿತು. ಒಂದು ತಾಗಿತು, ಅಕ್ಕನಿಗೆ ಎರಡು ಉಳಿಯಿತು. ಮೂರನೆಯದಕ್ಕೆ ಅವನು ದಾಳವನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿದಿದ್ದನೆಂದರೆ ಟೈಲರ್ ಕೆಮ್ಮಿದ. ಕೊನೆಗೆ ಬಿಟ್ಟ. ಅದು ಇಸ್ತ್ರಿ ಪೆಟ್ಟಿಗೆಯ ಬುಡದ ಹತ್ತಿರ ನಿಂತಿತು. ಹತ್ತೊಂಬತ್ತು.

ಭಾವ ಅದರ ಮೇಲೆ ಅಂಗೈ ಮುಚ್ಚಿದ.

"ಇಸ್ತ್ರಿ ಪೆಟ್ಟಿಗೆಗೆ ಒರಗಿತ್ತು. ಓರೆಯಾಗಿತ್ತು. ಇನ್ನೊಂದು ಸಲ ಹಾಕ್ತೀನಿ."

"ಕೈ ತೆಗೀರಿ," ಎಂದಳು ಅಕ್ಕ.

"ಓರೆಯಾಗಿತ್ತು ಕಣೆ. ಟೈಲರ್, ನೀನು ನೋಡ್ದೆ ತಾನೇ?"

ಟೈಲರ್ ಗುಂಡುಸೂಜಿಯನ್ನು ಬಾಯಿಂದ ತೆಗೆದ. ಅತ್ತೆ ಮನೆಗೆ ಹೋಗುವ ಭಾನುವಾರಗಳನ್ನೆಲ್ಲ ಅವನು ಆ ಕ್ಷಣದಲ್ಲಿ ಎಣಿಸಿರಬೇಕು. "ಚಪ್ಪಟೆ ಬಿದ್ದಿತ್ತು ಯಜಮಾನ್ರೆ," ಎಂದ.

ಭಾವ ಕೈ ತೆಗೆದ. ದಾಳ ಚಪ್ಪಟೆಯಾಗೇ ಇತ್ತು.

"ಹೇಳಿ," ಎಂದಳು ಅಕ್ಕ. "ಸೂತ್ರಧಾರ ಹೇಳೋ ತನಕ ಏನೂ ಆಗಿಲ್ಲ ಅಂತ ನೀವೇ ತಾನೇ ನಮಗೆ ಕಲಿಸಿದ್ದು. ಹೇಳಿ."

"ಬೇಡ ಕಣೆ."

"ಹೇಳ್ತೀರೋ ಇಲ್ವೋ?"

ಅವನು ಮೇಜು ನೋಡುತ್ತಾ ಹೇಳಿದ. "ಇಲಿ ಕಚ್ಚಿತು. ಬಿಲ್ಲುಗಾತಿ... ಬಿದ್ದಳು."

"ಬಿದ್ದಳು ಅಂದ್ರೆ?"

"ಸತ್ತಳು! ಆಯ್ತಾ? ಸತ್ತಳು!"

ಅಕ್ಕ ಮೇಜಿಗೆ ಎರಡೂ ಕೈಯಲ್ಲಿ ಬಡಿದಳು. ಗುಂಡಿಗಳೆಲ್ಲ ಹಾರಿದವು. "ಸತ್ತೆ!" ಎಂದು ಕೂಗಿದಳು. "ಲೇ, ನೋಡ್ದೇನೋ? ಇಲಿ ಕೈಲಿ ಸತ್ತೆ! ಅಯ್ಯೋ, ಎರಡು ರಕ್ತ ಉಳಿದಿತ್ತು ಕಣೋ! ಆ ಒಂದು ಬಾಣ ತಾಗಿದ್ರೆ..." ನಗು ತಡೆಯಲಾರದೆ ಕಣ್ಣೊರೆಸಿಕೊಂಡಳು. "ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು, ಟೈಲರ್ ಥರ. ನಾಳೆ ಕಾರಲ್ಲಿ ಇದನ್ನೇ ಹೇಳ್ತೀನಿ. ಒಂದು ಇಲಿ ಕೊಂದೆ, ಇನ್ನೊಂದು ನನ್ನ ಕೊಂದಿತು. ಒಂದಕ್ಕೊಂದು!"

ನಾನೂ ಟೈಲರೂ ನಗಲು ಶುರು ಮಾಡಿದೆವು. ಅಂಥ ನಗು ಆ ಮಹಡಿಯಲ್ಲಿ ಎಂದೂ ಬಂದಿರಲಿಲ್ಲ.

ಭಾವ ನಗಲಿಲ್ಲ. ಎದ್ದು ನಿಂತ. ಹೆಂಡತಿಯನ್ನು ಒಮ್ಮೆ ನೋಡಿದ, ಅವಳು ಹೀಗೆ ಕುಣಿಯುವುದು ಅವಮಾನವೋ ಹುಚ್ಚೋ ತೀರ್ಮಾನಿಸಲಾಗದವನಂತೆ. "ನೀರು ಕುಡಿದು ಬರ್ತೀನಿ," ಎಂದ.

ನೀರಿನ ಹೂಜಿ ಅವನ ಪಕ್ಕದಲ್ಲೇ ಇತ್ತು. ಯಾರೂ ಅದನ್ನು ಹೇಳಲಿಲ್ಲ. ಅವನು ಮೆಟ್ಟಿಲಿಳಿದ, ಕೆಳಗೆ ಚಪ್ಪಲಿ ಎಳೆದ ಸದ್ದಾಯಿತು. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಮನೆ ಕಡೆ ಹೋಗುವವನು ಎಡಕ್ಕೆ ತಿರುಗಬೇಕು. ಭಾವ ಬಲಕ್ಕೆ ತಿರುಗಿ, ಭಾನುವಾರ ಬಾಗಿಲು ಹಾಕಿರುವ ವೇಬ್ರಿಡ್ಜ್ ಕಡೆಗೆ, ಕೈ ಹಿಂದೆ ಕಟ್ಟಿಕೊಂಡು ನಡೆದ.

"ಕರೀಲಾ ಅಕ್ಕ?" ಎಂದೆ.

"ಬರ್ತಾರೆ ಬಿಡು," ಎಂದಳು. ಚದುರಿದ ಗುಂಡಿಗಳನ್ನು ಒಂದೊಂದೇ ಜೋಡಿಸಿದಳು. ಎದ್ದು ಹೋಗಿ ಭಾವನ ಕುರ್ಚಿಯಲ್ಲಿ ಕೂತಳು, ದಾಳ ಎತ್ತಿಕೊಂಡಳು. "ನಾನು ಸತ್ತಿದೀನಿ, ನನಗೆ ಬೇರೆ ಕೆಲಸ ಇಲ್ಲ. ಇಲಿಗಳ ಸರದಿ ಇನ್ನೂ ಮುಗಿದಿಲ್ಲ ಅಲ್ವಾ? ನಿನ್ನ ಹತ್ರ ಐದು ಇವೆ. ಎಷ್ಟೋ ನಿನ್ನ ರಕ್ತ?"

ಅವತ್ತು ಇಲಿಗಳು ನನ್ನನ್ನೂ ತಿಂದವು, ಟೈಲರನ್ನೂ ತಿಂದವು. ಟೈಲರ್ ಮೇಜು ಒರೆಸಿ, ದೀಪ ಹಾಕಿ, ಇಸ್ತ್ರಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟ. ಭಾವ ಬರಲಿಲ್ಲ.